ಎಣ್ಣೆ ಹಾಲಾದಾಗ

ನೊರೆಹಾಲನ್ನು ಕಂಡರೆ ಯಾರಿಗೆ ತಾನೆ ಹಿಗ್ಗಾಗದು? ಆದರೆ ಆ ಬಿಳುಪು ಲೋಟದಲ್ಲಿರದೆ ಮೋಟಾರ್ ಸೈಕಲ್ಲಿನ ಇಂಜಿನ್ನಿನಲ್ಲಿ ಕಾಣಿಸಿದರೆ ಒಡೆಯನ ಎದೆ ಧಸಕ್ಕೆನ್ನುವುದು ಸಹಜ. ಕಳೆದ ಆಷಾಢದಲ್ಲಿ ನನಗೆ ಒದಗಿದ ಭಾಗ್ಯವಿದು.

ನಾನಿರುವುದು ತೀರ್ಥಹಳ್ಳಿಯಲ್ಲಿ. ಮನೆಯಿಂದ ಕಾಲೇಜಿಗೆ ಒಂದೂವರೆ ಕಿಲೋಮೀಟರ್. ವಾಹನ 100 ಸಿ.ಸಿ.ಯದು, ಬೀಸುವ ಗಾಳಿಯಿಂದಲೇ ತಣಿಯುವಂಥದು. ತುಂಗೆ ತುಂಬಿ ಹರಿಯುತ್ತಿದ್ದ ಒಂದು ಬೆಳಿಗ್ಗೆ ಎಣ್ಣೆಯ ಮಟ್ಟ ನೋಡಲೆಂದು ಮುಚ್ಚಳ ತಿರುಗಿಸಿದೆ. ಮುಚ್ಚಳದ ಒಳಮೈಗೆ, ಅಳತೆಯ ಕಡ್ಡಿಗೆ, ಹಾಲು ಹೆಚ್ಚಾದ ಕಾಫಿಯ ಬಣ್ಣದ ನೊರೆ ಮೆತ್ತಿಕೊಂಡಿತ್ತು!

ಸಮೀಪದ ವರ್ಕ್‌ಷಾಪಿಗೆ ತಳ್ಳಿಕೊಂಡು ಹೋದೆ. ಅಲ್ಲಿಯ ತರುಣ ಒಮ್ಮೆ ಇಣುಕಿ, “ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಇಂಜಿನ್ ಬಿಚ್ಚಬೇಕು” ಎಂದು ತೀರ್ಪಿತ್ತ. ಅವನು ಹೇಳಿದ ಮೊತ್ತವೋ ಅತಿಥಿ ಉಪನ್ಯಾಸಕನಾದ ನನ್ನ ಅರ್ಧ ತಿಂಗಳ ಸಂಬಳ. ಮಿತ್ರರೊಬ್ಬರ ಸಲಹೆಯಂತೆ ವೃದ್ಧ ಮೆಕ್ಯಾನಿಕ್ಕರೊಬ್ಬರ ಬಳಿಗೆ ಹೋದೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ, ಪ್ರಶ್ನೆ ಕೇಳಿದರು.

“ಮೇಷ್ಟ್ರೇ, ಗ್ಯಾಸ್ಕೆಟ್ ಹೋದರೆ ಎಣ್ಣೆಗೆ ನೀರು ಇಳಿಯುವುದು ರೇಡಿಯೇಟರ್ ಇರೋ ಗಾಡಿಯಲ್ಲಿ. ನಿಮ್ಮ ಗಾಡಿಯಲ್ಲಿ ಇಳಿಯೋಕೆ ನೀರೆಲ್ಲಿದೆ?”

ನಾನು ನಿರುತ್ತರನಾದೆ.

“ಹಳ್ಳ ದಾಟಿದ್ರಾ? ಜೋರು ಪೈಪಿನಲ್ಲಿ ತೊಳೆಸಿದ್ರಾ?”

“ಇಲ್ಲ ಯಜಮಾನರೇ.”

ಅವರು ಕಡ್ಡಿಯನ್ನೊರೆಸಿ ಮತ್ತೆ ಅದ್ದಿ ನೋಡಿದರು. ಎಣ್ಣೆಯ ಮಟ್ಟ ಏರಿರಲಿಲ್ಲ. ಮುಚ್ಚಳದ ರಬ್ಬರ್ ವಾಷರ್ ಗಟ್ಟಿಯಾಗಿತ್ತು. ಕೆಳಗಿನಿಂದ ಸ್ವಲ್ಪ ಎಣ್ಣೆ ಇಳಿಸಿದರೆ ಅದು ಕಂದಾಗಿಯೇ ಇತ್ತು. ನೊರೆಯ ಒಂದು ತೊಟ್ಟನ್ನು ಕಾದ ತಗಡಿನ ಮೇಲೆ ಬಿಟ್ಟರು, ಚಟಚಟ ಸಿಡಿಯಿತು. ನೀರೇನೋ ನಿಜ, ಆದರೆ ಅಲ್ಪ.

“ದಿನಕ್ಕೆ ಎಷ್ಟು ದೂರ ಓಡಿಸ್ತೀರಿ?”

ಹೇಳಿದೆ. ಅವರು ನಕ್ಕರು. “ಗಾಡಿಗೆ ರೋಗವಿಲ್ಲ ಮೇಷ್ಟ್ರೇ. ಬೆವರಿದ ಮೈ ಆರೋಕೆ ನೀವು ಬಿಡ್ತಿಲ್ಲ, ಅಷ್ಟೆ.”

ಆ ಮಾತಿನ ಹಿಂದೆ ರಸಾಯನಶಾಸ್ತ್ರವಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ಅಲ್ಪಾಂಶ ಪಿಸ್ಟನ್ ರಿಂಗುಗಳ ಸಂದಿನಿಂದ ಎಣ್ಣೆಯಿರುವ ಕೋಶಕ್ಕೆ ನುಸುಳುತ್ತದೆ. ಇಂಜಿನ್ ಚೆನ್ನಾಗಿ ಕಾದರೆ ಅದೂ ಆರಿಹೋಗುತ್ತದೆ. ಕಾಯುವ ಮೊದಲೇ ನಿಲ್ಲಿಸಿದರೆ ತಣ್ಣನೆಯ ಲೋಹದ ಮೇಲೆ ಹನಿಗಟ್ಟುತ್ತದೆ. ಗೇರುಗಳು ಮಜ್ಜಿಗೆ ಕಡೆದಂತೆ ಎಣ್ಣೆ ನೀರುಗಳನ್ನು ಕಡೆದು ಬೆರೆಸುತ್ತವೆ.

ಮಟ್ಟವೇರಿ ಎಣ್ಣೆಯೆಲ್ಲ ಬೆಳ್ಳಗಾಗಿದ್ದರೆ ಮಾತೇ ಬೇರೆ. ಆಗ ಹೊರಗಿನ ನೀರು ನುಗ್ಗಿದೆಯೆಂದೇ ಅರ್ಥ. ಇಂಜಿನ್ನನ್ನು ಚಾಲೂ ಮಾಡಕೂಡದು. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಪಿಸ್ಟನ್ನಿನ ದಂಡವೇ ಬಾಗೀತು. ರೇಡಿಯೇಟರ್ ಉಳ್ಳ ವಾಹನವಾದರೆ ಕೂಲೆಂಟ್ ತಗ್ಗಿದೆಯೇ ಎಂದು ನೋಡಬೇಕು. ತಗ್ಗಿದ್ದರೆ ವಾಟರ್ ಪಂಪಿನ ಸೀಲನ್ನೂ ಗ್ಯಾಸ್ಕೆಟ್ಟನ್ನೂ ಶಂಕಿಸಬಹುದು. ಉದಾಸೀನ ಸಲ್ಲದು. ಸಣ್ಣ ಮೋಟಾರ್ ಸೈಕಲ್ಲಿನಲ್ಲಿ ಇಂಜಿನ್ನು, ಗೇರು, ಕ್ಲಚ್ಚು ಮೂರಕ್ಕೂ ಸಾಮಾನ್ಯವಾಗಿ ಆ ಒಂದೇ ಲೀಟರ್ ಎಣ್ಣೆ ಆಧಾರ. ನೀರು ಬೆರೆತ ಎಣ್ಣೆ ಬೇರಿಂಗುಗಳನ್ನು ಕಾಯಲಾರದು. ಕಾರಣ ತಿಳಿಯದೆ ಎಣ್ಣೆ ಬದಲಿಸಿದರೂ ವ್ಯರ್ಥ. ಹೊಸ ಎಣ್ಣೆಯೂ ಹಾಲಾಗುತ್ತದೆ.

ನನ್ನ ವಾಹನದ ಚಿಕಿತ್ಸೆ ಒಂದು ಡಬ್ಬ ಹೊಸ ಎಣ್ಣೆಯಲ್ಲಿ ಮುಗಿಯಿತು. ಆ ಭಾನುವಾರ ಮಂಡಗದ್ದೆಯವರೆಗೆ ಓಡಿಸಿ ಬಂದೆ. ಮರುದಿನ ಕಡ್ಡಿ ತೆಗೆದು ನೋಡಿದರೆ ಎಣ್ಣೆ ಜೇನಿನ ಬಣ್ಣಕ್ಕಿತ್ತು.

ಈಗ ಪ್ರತಿ ಭಾನುವಾರ ವಾಹನಕ್ಕೆ ದೂರದ ಸವಾರಿ. ಉಳಿದ ದಿನ ಕಾಲೇಜಿಗೆ ನನ್ನ ಕಾಲುಗಳೇ ಸಾಕು. ಅವಕ್ಕೆ ಎಣ್ಣೆಯ ಖರ್ಚೂ ಇಲ್ಲ.