ಮುಖದ ನರಶೂಲೆ

ಮುಖ ತೊಳೆಯುವಾಗ, ಜೋಳದ ರೊಟ್ಟಿ ಅಗಿಯುವಾಗ ಅಥವಾ ತಂಗಾಳಿ ಸೋಕಿದಾಗ ಮುಖದ ಒಂದು ಬದಿಗೆ ಮಿಂಚು ಹೊಡೆದಂತೆ ನೋವು ಬರುವುದುಂಟು. ಅದು ಕೆಲವು ಕ್ಷಣಗಳಲ್ಲಿ, ಹೆಚ್ಚೆಂದರೆ 2 ನಿಮಿಷಗಳಲ್ಲಿ ಅಡಗಿ, ಮತ್ತೆ ಮತ್ತೆ ಮರುಕಳಿಸುತ್ತದೆ. ಇದೇ ಟ್ರೈಜೆಮಿನಲ್ ನರಶೂಲೆ. 50 ವರ್ಷ ದಾಟಿದವರಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ, ಇದು ಹೆಚ್ಚು. ಇದನ್ನು ಹಲ್ಲುನೋವೆಂದು ಭಾವಿಸಿ ಒಂದರ ಹಿಂದೊಂದು ಹಲ್ಲು ಕೀಳಿಸಿಕೊಂಡವರುಂಟು. ಹಲ್ಲು ಹೋದರೂ ನೋವು ಹೋಗುವುದಿಲ್ಲ.

ಕಾರಣವೇನು?

ಮುಖದ ಸ್ಪರ್ಶವನ್ನೂ ನೋವನ್ನೂ ಮೆದುಳಿಗೆ ತಿಳಿಸುವ ನರಕ್ಕೆ 3 ಕವಲುಗಳಿವೆ. ಬಹುಪಾಲು ರೋಗಿಗಳಲ್ಲಿ ಮೆದುಳಿನ ಬುಡದಲ್ಲಿರುವ ರಕ್ತನಾಳವೊಂದು ಈ ನರದ ಬೇರನ್ನು ಒತ್ತುವುದರಿಂದ ಅದರ ಹೊದಿಕೆ ಸವೆಯುತ್ತದೆ.

ಹೀಗೆ ಘಾಸಿಗೊಂಡ ನರದಲ್ಲಿ ವಂಶವಾಹಿಗಳ ಕಾರ್ಯವೂ ಬದಲಾಗುತ್ತದೆ. ಮನೆಯಲ್ಲಿ ಜೋಳ, ತೊಗರಿ, ಕಡಲೆ ಎಲ್ಲ ಬೀಜಗಳಿದ್ದರೂ ರೈತನು ಹದ ನೋಡಿ ಕೆಲವನ್ನೇ ಬಿತ್ತುತ್ತಾನಷ್ಟೆ. ಅಂತೆಯೇ ಪ್ರತಿಯೊಂದು ಜೀವಕೋಶವೂ ತನ್ನಲ್ಲಿರುವ ವಂಶವಾಹಿಗಳಲ್ಲಿ ಕೆಲವನ್ನು ಮಾತ್ರ ಬಳಸುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ, ಬೆಳೆದ ಇಲಿಯ ಸಂವೇದನಾ ನರಕೋಶಗಳಲ್ಲಿ ಸುಪ್ತವಾಗಿದ್ದ ಸೋಡಿಯಂ ದ್ವಾರವೊಂದರ ವಂಶವಾಹಿಯು ನರಕ್ಕೆ ಗಾಯವಾದೊಡನೆ ಮತ್ತೆ ಎಚ್ಚತ್ತುದು ಕಂಡುಬಂದಿದೆ. ಸೋಡಿಯಂ ದ್ವಾರಗಳೆಂದರೆ ನರದಲ್ಲಿ ವಿದ್ಯುತ್ ಸಂಕೇತವನ್ನು ಹುಟ್ಟಿಸುವ ಸೂಕ್ಷ್ಮ ಬಾಗಿಲುಗಳು. ಇವು ಏರುಪೇರಾದರೆ ಹಗುರವಾದ ಸ್ಪರ್ಶವೂ ಸಿಡಿಲಿನಂಥ ನೋವಾಗುತ್ತದೆ.

ಇಲ್ಲಿ ಬೀಜ ಕೆಟ್ಟಿಲ್ಲ, ಬಿತ್ತನೆ ಬದಲಾಗಿದೆ. ಆದುದರಿಂದ ಈ ಬೇನೆ ಸಾಮಾನ್ಯವಾಗಿ ತಾಯಿಯಿಂದ ಮಕ್ಕಳಿಗೆ ಬರುವಂಥದಲ್ಲ, ಅಂಟುವಂಥದೂ ಅಲ್ಲ. ತಾಯಿಗೆ ಈ ಬೇನೆಯಿದೆಯೆಂದು ಮಗಳ ಸಂಬಂಧವನ್ನು ನಿರಾಕರಿಸುವುದು ಸಲ್ಲದು.

ಚಿಕಿತ್ಸೆ

1962ರಿಂದ ಈ ಬೇನೆಗೆ ಬಳಕೆಯಲ್ಲಿರುವ ಕಾರ್ಬಮಜೆಪೈನ್ ಮಾತ್ರೆಯು ಇದೇ ಸೋಡಿಯಂ ದ್ವಾರಗಳನ್ನು ತಡೆಯುತ್ತದೆ. ಸಾಮಾನ್ಯ ನೋವಿನ ಗುಳಿಗೆಗಳು ಇಲ್ಲಿ ಅಷ್ಟಾಗಿ ನಾಟುವುದಿಲ್ಲ. ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಸೇವಿಸಿರಿ. ನೀವಾಗಿಯೇ ಹೆಚ್ಚಿಸಬೇಡಿರಿ, ನೋವು ತಗ್ಗಿತೆಂದು ಥಟ್ಟನೆ ನಿಲ್ಲಿಸಲೂಬೇಡಿರಿ. ಮೈಮೇಲೆ ದದ್ದು, ಜ್ವರ ಅಥವಾ ಬಾಯಿಹುಣ್ಣು ಕಂಡರೆ ಅಂದೇ ವೈದ್ಯರನ್ನು ಕಾಣಿರಿ.

ಔಷಧದಿಂದ ಗುಣ ಕಾಣದಿದ್ದರೆ, ಒತ್ತುತ್ತಿರುವ ರಕ್ತನಾಳವನ್ನು ನರದಿಂದ ಬೇರ್ಪಡಿಸುವ ಶಸ್ತ್ರಚಿಕಿತ್ಸೆಯುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗವಿದೆ.

ದಂಪತಿಗಳ ಗಮನಕ್ಕೆ

ಕಾರ್ಬಮಜೆಪೈನ್ ಸೇವಿಸುವ ಸ್ತ್ರೀಯರಲ್ಲಿ ನುಂಗುವ ಗರ್ಭನಿರೋಧಕ ಮಾತ್ರೆಗಳ ಶಕ್ತಿ ಕುಗ್ಗುತ್ತದೆ. ಮಾತ್ರೆಯನ್ನು ತಪ್ಪದೆ ನುಂಗಿದರೂ ಗರ್ಭ ನಿಲ್ಲಬಹುದು. ಇಂಥವರು ಕಾಪರ್-ಟಿ ವಂಕಿಯಂತಹ ಬೇರೆ ವಿಧಾನವನ್ನು ಕುರಿತು ವೈದ್ಯರೊಡನೆ ಆಲೋಚಿಸತಕ್ಕದ್ದು. ಈ ಔಷಧವು ಗರ್ಭಸ್ಥ ಶಿಶುವಿಗೆ ಹಾನಿಮಾಡಬಲ್ಲುದು. ಆದಕಾರಣ ಮಗು ಬೇಕೆನಿಸಿದಾಗ ಗರ್ಭ ಧರಿಸುವ ಮೊದಲೇ ವೈದ್ಯರಿಗೆ ತಿಳಿಸಿರಿ.

ಎಲ್ಲಿಗೆ ಹೋಗಬೇಕು?

ಹಲ್ಲು ಕೀಳಿಸುವ ಮುನ್ನ ಇಂಡಿ, ಸಿಂದಗಿ, ಮುದ್ದೇಬಿಹಾಳ ಅಥವಾ ಬಸವನ ಬಾಗೇವಾಡಿಯ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಿರಿ. ಎಳೆಯ ವಯಸ್ಸಿನಲ್ಲಿ ಈ ನೋವು ಬಂದರೆ, ಎರಡೂ ಬದಿಗೆ ಬಂದರೆ, ಮುಖ ಜೋಮುಗಟ್ಟಿದರೆ ಅಥವಾ ಕಿವಿ ಮಂದವಾದರೆ ತಜ್ಞರ ಪರೀಕ್ಷೆ ಅವಶ್ಯ. ನೋವಿಗೆ ಅಂಜಿ ಊಟ ಬಿಟ್ಟು ಸೊರಗುವುದು ಬೇಡ, ಇದಕ್ಕೆ ಮದ್ದುಂಟು.