ಡೊಳ್ಳು ಕಲಿಯಬೇಕೆ? ಮೊದಲು ಕಾಲು, ಆಮೇಲೆ ಕೈ

ಹಬ್ಬದ ಮೆರವಣಿಗೆ ಎಂದ ಮೇಲೆ ವಾದ್ಯ ಇರಲೇಬೇಕು. ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಬ್ಯಾಂಡ್ ಸೆಟ್ ಇಲ್ಲದ ವಾರ್ಷಿಕ ಹಬ್ಬವನ್ನು ನೆನೆಸಿಕೊಳ್ಳುವುದೂ ಕಷ್ಟ. ಘಟ್ಟದ ಮೇಲಿನ ಡೊಳ್ಳಿನ ತಂಡಗಳೂ ಈಗ ಕರಾವಳಿಗೆ ಬರುತ್ತವೆ. ಅವರ ಕುಣಿತ ನೋಡಿದ ನಮ್ಮ ಯುವಜನರು ಕೇಳುವ ಪ್ರಶ್ನೆ ಒಂದೇ: "ಇದನ್ನು ನಾವೇ ಕಲಿತು ಬಾರಿಸಬಾರದೇಕೆ?"

ಪ್ರಶ್ನೆ ಸರಿಯಾದದ್ದೇ. ಆದರೆ ಏನೂ ಗೊತ್ತಿಲ್ಲದವರು ಎಲ್ಲಿಂದ ಆರಂಭಿಸಬೇಕು? ಎಷ್ಟು ಸಮಯ ಬೇಕು? ಯಾರನ್ನು ಕೇಳಬೇಕು? ಈ ಪ್ರಶ್ನೆಗಳನ್ನು ಕಟ್ಟಿಕೊಂಡು ನಾವು ಕೆಲವರು ಸಾಗರದ ದಾರಿಯಾಗಿ ಸೊರಬ, ಶಿಕಾರಿಪುರದ ಕಡೆಗೆ ಹೋಗಿದ್ದೆವು. ಅಲ್ಲಿ ಕಲಿತದ್ದನ್ನೂ ತಿಳಿದದ್ದನ್ನೂ ಓದುಗರೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಮದ್ದಳೆಗಾರನ ಊರು

ಶಿವಮೊಗ್ಗ ಜಿಲ್ಲೆಯ ಈ ಎರಡು ತಾಲೂಕುಗಳು ಮಲೆನಾಡಿನ ಅಂಚಿನಲ್ಲಿವೆ. ದಂಡಾವತಿ ಹೊಳೆ ಸೊರಬದಲ್ಲಿ, ಕುಮುದ್ವತಿ ಹೊಳೆ ಶಿಕಾರಿಪುರದಲ್ಲಿ ಹರಿಯುತ್ತವೆ. 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರದ ವ್ಯಾಪ್ತಿಗೆ ಈ ಪ್ರದೇಶ ಸೇರುತ್ತದೆ. ದೀಪಾವಳಿ ಬಂತೆಂದರೆ ಇಲ್ಲಿ ಹೋರಿ ಹಬ್ಬದ ಸಡಗರ. ಊರಿನ ಜಾತ್ರೆ, ಉತ್ಸವಗಳಲ್ಲಿ ಡೊಳ್ಳು, ಹಲಗೆಯ ಸದ್ದು ಇದ್ದೇ ಇರುತ್ತದೆ.

ಶಿಕಾರಿಪುರದಿಂದ ಸುಮಾರು 20 ಕಿ.ಮೀ. ದೂರದಲ್ಲಿ ಬಳ್ಳಿಗಾವಿ ಇದೆ. ವಚನಕಾರ ಅಲ್ಲಮಪ್ರಭುವಿನ ಊರು ಇದು. ಅಲ್ಲಮ ಮೊದಲು ಮದ್ದಳೆ ಬಾರಿಸುವವನಾಗಿದ್ದ ಎಂದು ಹರಿಹರ ಕವಿಯ 'ಪ್ರಭುದೇವರ ರಗಳೆ' ಹೇಳುತ್ತದೆ. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲೂ ಅವನು ಮದ್ದಳೆಗಾರನೇ. ಮುಂದೆ ಕಲ್ಯಾಣದ ಅನುಭವ ಮಂಟಪದಲ್ಲಿ ಶೂನ್ಯ ಸಿಂಹಾಸನದ ಮೇಲೆ ಕುಳಿತವನು ಅವನೇ ಎಂಬುದು ಶರಣ ಪರಂಪರೆಯ ನಂಬಿಕೆ. ಚರ್ಮವಾದ್ಯ ನುಡಿಸಿದ ಕೈಗೆ ಸಭೆಯ ಅಗ್ರಸ್ಥಾನ ಸಿಕ್ಕಿತೆಂಬ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಲೇಖನದ ಕೊನೆಯಲ್ಲಿ ಅದು ಬೇಕಾಗುತ್ತದೆ.

ಡೊಳ್ಳು ಎಂದರೇನು?

ಒಳಗೆ ಟೊಳ್ಳು ಮಾಡಿದ ಮರದ ದೊಡ್ಡ ಪೀಪಾಯಿ, ಅದರ ಎರಡು ಬಾಯಿಗೆ ಆಡು, ಕುರಿಯ ಚರ್ಮ, ಎರಡನ್ನೂ ಬಿಗಿದು ಹಿಡಿಯುವ ಹಗ್ಗ: ಇಷ್ಟೇ ಡೊಳ್ಳು. ಒಂದು ಬದಿಗೆ ಕೋಲಿನ ಪೆಟ್ಟು, ಇನ್ನೊಂದು ಬದಿಗೆ ಅಂಗೈಯ ಪೆಟ್ಟು. ಕೋಲಿನ ಬದಿ ಗಡಸಾಗಿ ಗುಡುಗುತ್ತದೆ, ಕೈಯ ಬದಿ ಅದಕ್ಕೆ ಉತ್ತರ ಕೊಡುತ್ತದೆ. ಜೊತೆಗೆ ತಾಳ, ತಪ್ಪಡಿ, ಕಹಳೆ, ಕೊಳಲು ಮೊದಲಾದವು ಸೇರುತ್ತವೆ.

ಹಾಲುಮತದ ಕುರುಬ ಸಮುದಾಯಕ್ಕೆ ಡೊಳ್ಳು ಬೀರೇಶ್ವರನ ಸೇವೆಯ ವಾದ್ಯ. ಡೊಳ್ಳಾಸುರನೆಂಬ ರಾಕ್ಷಸನ ಚರ್ಮದಿಂದ ಶಿವನೇ ಇದನ್ನು ಮಾಡಿದನೆಂಬ ಕಥೆ ಅವರಲ್ಲಿದೆ. ಹಿಂದೆ ಗಂಡಸರಷ್ಟೇ ಬಾರಿಸುತ್ತಿದ್ದರು, ಈಗ ಮಹಿಳಾ ತಂಡಗಳೂ ಇವೆ. 2022ರಲ್ಲಿ ಪ್ರಕಟವಾದ ರಾಷ್ಟ್ರ ಚಲನಚಿತ್ರ ಪ್ರಶಸ್ತಿಗಳಲ್ಲಿ ಸಾಗರ್ ಪುರಾಣಿಕ್ ನಿರ್ದೇಶನದ 'ಡೊಳ್ಳು' ಅತ್ಯುತ್ತಮ ಕನ್ನಡ ಚಿತ್ರವೆನಿಸಿದ ಮೇಲೆ ನಗರದವರಿಗೂ ಇದರ ಪರಿಚಯ ಹೆಚ್ಚಾಯಿತು.

ಹೊಸಬರು ಕಲಿಯುವ ಬಗೆ

ನಾವು ಹೋದ ದಿನವೇ ಡೊಳ್ಳನ್ನು ಹೆಗಲಿಗೆ ಹಾಕಿಕೊಳ್ಳುವ ಆತುರದಲ್ಲಿದ್ದೆವು. ತಂಡದ ಹಿರಿಯರು ನಕ್ಕರು. "ಡೊಳ್ಳು ಎಲ್ಲೂ ಓಡಿ ಹೋಗಲ್ಲ ಬಿಡ್ರಿ. ಮೊದ್ಲು ಕಾಲು ಕಲೀರಿ, ಕೈ ಆಮೇಲೆ" ಎಂದರು. ಅವರು ಹೇಳಿಕೊಟ್ಟ ಕ್ರಮವನ್ನು ನಮ್ಮ ಅನುಭವದೊಂದಿಗೆ ಇಲ್ಲಿ ಕೊಟ್ಟಿದ್ದೇವೆ.

1. ನಡಿಗೆ: ವಾದ್ಯವಿಲ್ಲದೆ, ಬಾಯಲ್ಲಿ ಒಂದು-ಎರಡು-ಮೂರು-ನಾಲ್ಕು ಎಣಿಸುತ್ತ ನಡೆಯುವುದು. ಪ್ರತಿ ಎಣಿಕೆಗೆ ಒಂದು ಹೆಜ್ಜೆ, ಒಂದಕ್ಕೆ ಮಾತ್ರ ಚಪ್ಪಾಳೆ. ಆಮೇಲೆ ಒಂದು ಮತ್ತು ಮೂರಕ್ಕೆ ಚಪ್ಪಾಳೆ. ಇದು ಮಕ್ಕಳ ಆಟದಂತೆ ಕಾಣುತ್ತದೆ. ಆದರೆ ಹತ್ತು ಜನ ಒಟ್ಟಿಗೆ ನಡೆದಾಗ ಯಾರ ಹೆಜ್ಜೆ ಓಡುತ್ತದೆ, ಯಾರದು ಹಿಂದೆ ಬೀಳುತ್ತದೆ ಎಂಬುದು ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ.

2. ಬಾಯಿ: ಬಾಯಲ್ಲಿ ಬಾರದ್ದು ಕೈಗೆ ಬಾರದು. ಪ್ರತಿ ತಂಡಕ್ಕೂ ತನ್ನದೇ ಬಾಯಿಪಾಠ ಇರುತ್ತದೆ. ಹಿರಿಯರು ಹೇಳಿದ್ದನ್ನು ಹಾಗೆಯೇ ಹೇಳಿ ರೂಢಿಸಿಕೊಳ್ಳಬೇಕು. ಬರೆದುಕೊಳ್ಳುವುದಕ್ಕಿಂತ ಕೇಳಿಸಿಕೊಳ್ಳುವುದು ಮೇಲು.

3. ಕೋಲು: ಡೊಳ್ಳನ್ನು ನೆಲದ ಮೇಲೆ ಅಲುಗದಂತೆ ಇಟ್ಟು ಕೋಲಿನ ಬದಿಯನ್ನಷ್ಟೇ ಬಾರಿಸುವುದು. ಹೊಸಬರ ದೊಡ್ಡ ತಪ್ಪೆಂದರೆ ಕೋಲನ್ನು ಬಿಗಿಯಾಗಿ ಹಿಡಿದು ಭುಜದಿಂದ ಬಡಿಯುವುದು. ಹಾಗೆ ಬಡಿದರೆ ಸದ್ದು ಸತ್ತು ಹೋಗುತ್ತದೆ, ಅರ್ಧ ಗಂಟೆಯಲ್ಲಿ ತೋಳು ಸೋಲುತ್ತದೆ, ಅಂಗೈಯಲ್ಲಿ ಬೊಕ್ಕೆ ಏಳುತ್ತದೆ. ಹಿಡಿತ ಸಡಿಲವಿರಲಿ, ಮಣಿಕಟ್ಟು ಆಡಲಿ. ಪೆಟ್ಟು ಬಿದ್ದ ಕೂಡಲೇ ಕೋಲು ತಾನಾಗಿ ಮೇಲೇಳಬೇಕು. ಚರ್ಮಕ್ಕೆ ಕಂಪಿಸಲು ಜಾಗ ಬಿಟ್ಟರೆ ಮಾತ್ರ ಅದು ಹಾಡುತ್ತದೆ.

4. ಕೈ: ಇನ್ನೊಂದು ಬದಿಗೆ ಅಂಗೈ, ಬೆರಳುಗಳ ಪೆಟ್ಟು. ಬಲಗೈಯವರಿಗೆ ಎಡಗೈ ಮಾತು ಕೇಳುವುದಿಲ್ಲ. ಅದಕ್ಕೇ ಎಡಗೈಗೆ ಎರಡು ಪಟ್ಟು ಅಭ್ಯಾಸ ಬೇಕು. ಎರಡೂ ಕೈ ಸೇರಿಸುವಾಗ ವೇಗವನ್ನು ಅರ್ಧಕ್ಕೆ ಇಳಿಸಬೇಕು.

5. ಹೆಗಲು: ಹತ್ತು ಕಿಲೋಗೂ ಮಿಕ್ಕಿ ತೂಗುವ ಡೊಳ್ಳುಗಳಿವೆ. ಪಟ್ಟಿಯನ್ನು ಹೆಗಲಿಗೆ ಹಾಕಿ, ಡೊಳ್ಳು ತೊಡೆಗೆ ಬಡಿಯದ ಎತ್ತರದಲ್ಲಿ ಕಟ್ಟಿಕೊಳ್ಳಬೇಕು. ಮೊದಲ ವಾರ ನಿಂತಲ್ಲೇ, ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಬೆನ್ನುನೋವು ಇರುವವರು ತಾಳ ಹಿಡಿಯಬಹುದು, ಅದೂ ತಂಡದ ಕೆಲಸವೇ.

6. ಕುಣಿತ: ಡೊಳ್ಳು ಕಟ್ಟಿ ನಡೆಯುವುದು, ತಿರುಗುವುದು, ಬಾಗುವುದು, ಕೊನೆಗೆ ಹಾರುವುದು. ಈ ಹಂತಕ್ಕೆ ಬರುವ ಮೊದಲು ಪಕ್ಕದವರನ್ನು ನೋಡದೆ ಕೇವಲ ಕೇಳಿ ಬಾರಿಸಲು ಬರಬೇಕು.

ವಾರಕ್ಕೆ ಒಂದು ದಿನ ಮೂರು ಗಂಟೆ ಬಾರಿಸುವುದಕ್ಕಿಂತ ದಿನಕ್ಕೆ 20 ನಿಮಿಷ ಬಾರಿಸುವುದು ಲೇಸು. ಹಬ್ಬಕ್ಕೆ ಹದಿನೈದು ದಿನ ಇರುವಾಗ ಶುರುಮಾಡಿ ಮೆರವಣಿಗೆಯಲ್ಲಿ ಕುಣಿಯುತ್ತೇವೆಂದರೆ ಅದು ಸದ್ದಾದೀತೇ ಹೊರತು ಡೊಳ್ಳು ಆಗದು.

ಡ್ರಮ್ ಸೆಟ್ ಕಲಿಯುವವರಿಗೆ

ಗಾಯನ ಮಂಡಳಿಯಲ್ಲಿ ಡ್ರಮ್ ಸೆಟ್ ಬಾರಿಸಲು ಬಯಸುವವರಿಗೂ ಇದೇ ಪಾಠ ಅನ್ವಯಿಸುತ್ತದೆ. ಸೆಟ್ ಕೊಳ್ಳುವ ಮೊದಲು ಒಂದು ಜೊತೆ ಕೋಲು, ಒಂದು ರಬ್ಬರ್ ಪ್ಯಾಡ್ ಸಾಕು. ನಿಮಿಷಕ್ಕೆ 60 ಬಡಿತದ ಮೆಟ್ರೊನೋಮ್ ಹಾಕಿಕೊಂಡು ಬಲ-ಎಡ-ಬಲ-ಎಡ ಎಂದು ಸಮನಾಗಿ ಬಾರಿಸಬೇಕು. ಅದು ಕೂಡಿದ ಮೇಲೆ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಇದಕ್ಕೆ ಪ್ಯಾರಾಡಿಡಲ್ ಎನ್ನುತ್ತಾರೆ.

ಸೆಟ್‌ನ ಮುಂದೆ ಕುಳಿತಾಗ ಮೊದಲ ಪಾಠ ಹೀಗೆ: ನಾಲ್ಕು ಎಣಿಕೆಯಲ್ಲಿ ಒಂದು ಮತ್ತು ಮೂರಕ್ಕೆ ಕಾಲಿನಿಂದ ಬಾಸ್ ಡ್ರಮ್, ಎರಡು ಮತ್ತು ನಾಲ್ಕಕ್ಕೆ ಎಡಗೈಯಿಂದ ಸ್ನೇರ್, ಬಲಗೈಯಿಂದ ಹೈ-ಹ್ಯಾಟ್ ಮೇಲೆ ಎಣಿಕೆಗೆ ಎರಡರಂತೆ ಎಂಟು ಪೆಟ್ಟು. ಮೊದಲು ಕಾಲು ಮತ್ತು ಬಲಗೈ, ಆಮೇಲೆ ಎಡಗೈ ಸೇರಿಸಿದರೆ ಸುಲಭ. ಹಾಡಿನ ನಡುವೆ ಕೈಚಳಕ ತೋರಿಸುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಡ್ರಮ್ಮರ್‌ನ ಮೊದಲ ಕರ್ತವ್ಯ ಹಾಡುವವರು ಓಡದಂತೆ, ನಿಲ್ಲದಂತೆ ಕಾಯುವುದು.

ಇಗರ್ಜಿಯ ಒಳಗೆ

ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನ ಸ್ಥಳೀಯ ಜನರ ಸಂಗೀತ ಪರಂಪರೆಗೆ ಗೌರವ ಕೊಡಬೇಕೆಂದು ಹೇಳಿದೆ (119ನೇ ವಿಧಿ). ಪವಿತ್ರ ಬಳಕೆಗೆ ಯೋಗ್ಯವಾಗಿದ್ದರೆ, ಅಧಿಕಾರವುಳ್ಳವರ ಸಮ್ಮತಿಯಿದ್ದರೆ ಆರ್ಗನ್ ಅಲ್ಲದೆ ಬೇರೆ ವಾದ್ಯಗಳಿಗೂ ಅವಕಾಶವಿದೆ (120ನೇ ವಿಧಿ). ಆದರೆ ಗುರುಗಳು ಬಲಿಪೂಜೆಯ ಪ್ರಾರ್ಥನೆಗಳನ್ನು ಹೇಳುವಾಗ ವಾದ್ಯಗಳೆಲ್ಲ ಮೌನವಾಗಿರಬೇಕು. ತಪಸ್ಸು ಕಾಲದಲ್ಲಿ ವಾದ್ಯ ಇರುವುದು ಹಾಡಿಗೆ ಆಸರೆಯಾಗಲು ಮಾತ್ರ. ಆದ್ದರಿಂದ ಡೊಳ್ಳಿಗೆ ಮೆರವಣಿಗೆಯೇ ಸಹಜ ಜಾಗ. ಒಳಗೆ ಬಳಸುವ ವಿಚಾರವನ್ನು ಧರ್ಮಕೇಂದ್ರದ ಗುರುಗಳೊಂದಿಗೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ನಮ್ಮದೇ ಗುಮಟೆಯನ್ನೂ ಮರೆಯದಿರೋಣ. ಹಿಂದೆ ಅದಕ್ಕೆ ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ಈಗ ಆಡಿನ ಚರ್ಮ ಬಳಸುತ್ತಾರೆ. ಗೋವಾ ಸರಕಾರ 2019ರಲ್ಲಿ ಗುಮಟೆಯನ್ನು ಪಾರಂಪರಿಕ ವಾದ್ಯವೆಂದು ಘೋಷಿಸಿದೆ.

ಕಿವಿ ಮತ್ತು ನೆರೆಹೊರೆ

85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರುವುದು ಕಿವಿಗೆ ಅಪಾಯಕಾರಿ. ಡ್ರಮ್ಮಿನ ಸದ್ದು 100 ದಾಟುವುದುಂಟು, ಅಂಥಲ್ಲಿ ಕೆಲವು ನಿಮಿಷವೇ ಮಿತಿ. ಮುಚ್ಚಿದ ಸಭಾಭವನದಲ್ಲಿ ಹತ್ತು ಡೊಳ್ಳು ಬಾರಿಸುವ ಬದಲು ಬಯಲಿನಲ್ಲಿ ಅಭ್ಯಾಸ ಮಾಡಬೇಕು, ಕಿವಿಗೆ ಇಯರ್ ಪ್ಲಗ್ ಇಟ್ಟುಕೊಳ್ಳಬೇಕು. ಬಾರಿಸಿದ ಮೇಲೆ ಕಿವಿ ಗುಂಯ್ ಎನ್ನುತ್ತಿದ್ದರೆ ಅದು ಎಚ್ಚರಿಕೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಸದ್ದಿನ ವಾದ್ಯಗಳಿಗೆ ನಿರ್ಬಂಧವಿದೆ ಎಂಬುದನ್ನೂ ಯುವಜನರು ತಿಳಿದಿರಬೇಕು.

ಬಾರಿಸುವವರ ಊಟದ ಎಲೆ

ಹೊರಡುವಾಗ ಆ ಹಿರಿಯರು ಒಂದು ಮಾತು ಕೇಳಿದರು: "ನೀವೇ ಕಲ್ತು ನೀವೇ ಬಾರಿಸಿದ್ರೆ, ನಮ್ ಹುಡುಗ್ರನ್ನ ಯಾರು ಕರೀತಾರ‍್ರಿ?" ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ.

ಬಸ್ಸಿನಲ್ಲಿ ಬರುತ್ತ ಇನ್ನೊಂದು ವಿಷಯ ನೆನಪಾಯಿತು. ಹಿಂದೊಮ್ಮೆ ನಾವು ಹೋಗಿದ್ದ ಒಂದು ಹಬ್ಬದಲ್ಲಿ ಅತಿಥಿಗಳಿಗೆಲ್ಲ ಪೆಂಡಾಲಿನೊಳಗೆ ಊಟ ಬಡಿಸಿದ್ದರು. ಎರಡು ಗಂಟೆ ಬಿಸಿಲಿನಲ್ಲಿ ಕುಣಿದ ವಾದ್ಯದವರು ಹಿಂಬದಿಯಲ್ಲಿ, ಎಲ್ಲರದೂ ಮುಗಿದ ಮೇಲೆ ಉಂಡರು. ಬಡಿಸುವವರಲ್ಲಿ ನಾವೂ ಇದ್ದೆವು. ಅಂದು ನಮಗೆ ಅದು ತಪ್ಪೆನಿಸಲಿಲ್ಲ ಎಂಬುದೇ ಇಂದು ನಾಚಿಕೆಯ ಸಂಗತಿ. ಚರ್ಮ ಮುಟ್ಟುವ ಕೈ ಕೀಳು ಎಂಬ ಭಾವನೆ ನಮ್ಮ ನಾಡಿನಲ್ಲಿ ಹಳೆಯದು. ಹಲಗೆ ಬಾರಿಸುವ ದಲಿತ ಕಲಾವಿದರು ಅದರ ನೋವನ್ನು ಹೆಚ್ಚು ಉಂಡಿದ್ದಾರೆ. ಸದ್ದು ಬೇಕು, ಸದ್ದು ಮಾಡಿದವರು ದೂರವಿರಲಿ ಎಂಬ ಈ ರೂಢಿ ನಮ್ಮೊಳಗೂ ಇಲ್ಲವೆಂದು ಹೇಳುವಂತಿಲ್ಲ.

ಆದ್ದರಿಂದ ಡೊಳ್ಳು ಕಲಿಯಬಯಸುವ ಧರ್ಮಕೇಂದ್ರಗಳಿಗೆ ನಮ್ಮ ಸಲಹೆ ಇಷ್ಟು. ವಿಡಿಯೊ ನೋಡಿ ಕಲಿಯುವ ಬದಲು ತಂಡವೊಂದರ ಹಿರಿಯರನ್ನು ಗುರುಗಳಾಗಿ ಕರೆಯಿರಿ. ಸಂಭಾವನೆ, ಪ್ರಯಾಣದ ಖರ್ಚನ್ನು ಮೊದಲೇ ಮಾತಾಡಿ ಹೊತ್ತಿಗೆ ಸರಿಯಾಗಿ ಕೊಡಿ. ಡೊಳ್ಳು ಅವರ ಸೇವೆಯ ವಾದ್ಯ, ಅದನ್ನು ನಮ್ಮ ಮೆರವಣಿಗೆಯಲ್ಲಿ ಬಾರಿಸಲು ಅವರ ಒಪ್ಪಿಗೆ ಕೇಳಿ. ಚಪ್ಪಲಿ ಬಿಟ್ಟು ವಾದ್ಯ ಮುಟ್ಟಿರಿ. ನಿಮ್ಮ ತಂಡ ಸಿದ್ಧವಾದ ಮೇಲೂ ಹಬ್ಬಕ್ಕೆ ಅವರನ್ನು ಬಿಡದೆ ಕರೆಯಿರಿ, ಅವರ ಹಿಂದೆ ನಿಂತು ಬಾರಿಸಿರಿ. ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳಿ.

ಬಳ್ಳಿಗಾವಿಯ ಮದ್ದಳೆಗಾರನಿಗೆ ಕಲ್ಯಾಣದಲ್ಲಿ ಸಿಂಹಾಸನ ಸಿಕ್ಕಿತು. ನಮ್ಮ ಹಬ್ಬಕ್ಕೆ ಬರುವ ಡೊಳ್ಳಿನವರಿಗೆ ಸಿಂಹಾಸನ ಬೇಡ, ನಮ್ಮ ಪಕ್ಕದ ಕುರ್ಚಿ ಸಾಕು. ಅಷ್ಟು ಕೊಟ್ಟರೆ ಆ ಹಿರಿಯರ ಪ್ರಶ್ನೆಗೂ ಉತ್ತರ ಕೊಟ್ಟಂತಾಗುತ್ತದೆ.