ಚಳಿಗಾಲದ ವಿಶ್ವಕಪ್: ಲಾಭವೆಷ್ಟು, ನಷ್ಟವೆಷ್ಟು?

ಫುಟ್‌ಬಾಲ್ ವಿಶ್ವಕಪ್ ಎಂದರೆ ಜೂನ್-ಜುಲೈ ಎಂಬ ರೂಢಿ ಮುರಿದದ್ದು 2022ರಲ್ಲಿ. ಕತಾರ್‌ನ ಪಂದ್ಯಾವಳಿ ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ ನಡೆಯಿತು. ಈ ಬದಲಾವಣೆ ಸರಿಯೇ ಎಂದು ನಮ್ಮ ತರಗತಿಯಲ್ಲಿ ಈಗಲೂ ವಾದ ನಡೆಯುತ್ತದೆ. ನನ್ನ ಪ್ರಕಾರ ಸರಿ, ಆದರೆ ಅದಕ್ಕೆ ಬೆಲೆ ತೆತ್ತವರಿದ್ದಾರೆ.

ಕಾರಣ ಬಿಸಿಲು. ಬೇಸಿಗೆಯಲ್ಲಿ ಅಲ್ಲಿ ಹಗಲಿನ ತಾಪಮಾನ 40 ಡಿಗ್ರಿ ದಾಟುತ್ತದೆ. ದೋಹಾದಲ್ಲಿರುವ ನನ್ನ ಮಾಮ, ಜುಲೈಯಲ್ಲಿ ಜುಮಾ ನಮಾಝಿಗೆ ನಡೆದು ಹೋಗುವುದೇ ಕಷ್ಟ ಎನ್ನುತ್ತಾರೆ. ಕ್ರೀಡಾಂಗಣಕ್ಕೆ ಎ.ಸಿ. ಹಾಕಬಹುದು, ಊರಿಗೆಲ್ಲ ಹಾಕಲಾದೀತೇ? 2010ರಲ್ಲೇ ಆತಿಥ್ಯ ಕೊಟ್ಟ ಫಿಫಾ, ದಿನಾಂಕ ಬದಲಿಸಿದ್ದು ಮಾತ್ರ 2015ರಲ್ಲಿ. ಆಟಕ್ಕೆ ಇದರಿಂದ ಕೆಡುಕಾಗಲಿಲ್ಲ: 64 ಪಂದ್ಯಗಳಲ್ಲಿ 172 ಗೋಲು, ಅಲ್ಲಿಯವರೆಗಿನ ದಾಖಲೆ.

ಪೆಟ್ಟು ಬಿದ್ದದ್ದು ಆಟಗಾರರ ಮೈಗೆ. ಸಾಮಾನ್ಯವಾಗಿ ಮೇ ತಿಂಗಳಲ್ಲಿ ಯುರೋಪಿನ ಲೀಗ್‌ಗಳು ಮುಗಿದು, ವಿಶ್ವಕಪ್‌ಗೆ ಮುನ್ನ ಕೆಲವು ವಾರ ಸಿಗುತ್ತವೆ. ಈ ಸಲ ಪ್ರೀಮಿಯರ್ ಲೀಗ್ ನವೆಂಬರ್ 13ಕ್ಕೆ ನಿಂತಿತು, ಡಿಸೆಂಬರ್ 26ಕ್ಕೆ ಮತ್ತೆ ಶುರುವಾಯಿತು. ತಯಾರಿಗೂ ಒಂದು ವಾರ, ವಿಶ್ರಾಂತಿಗೂ ಒಂದು ವಾರ! ಸೆನೆಗಲ್‌ನ ಸಾದಿಯೊ ಮಾನೆ ನವೆಂಬರ್ 8ರಂದು ಬಾಯರ್ನ್ ಪರ ಆಡುವಾಗ ಗಾಯಗೊಂಡು ವಿಶ್ವಕಪ್ಪನ್ನೇ ಕಳೆದುಕೊಂಡರು. ಮೇಯಲ್ಲೂ ಗಾಯವಾಗಬಹುದು ನಿಜ. ಆದರೆ ಆಗ ಚೇತರಿಸಿಕೊಳ್ಳಲು ಒಂದಿಷ್ಟು ದಿನಗಳಾದರೂ ಇರುತ್ತವೆ.

ಇನ್ನೊಂದು ಮಾತನ್ನು ಗಲ್ಫ್‌ನಲ್ಲಿ ದುಡಿಯುವವರ ಮನೆಯ ಮಕ್ಕಳಾದ ನಾವು ಮರೆಯಬಾರದು. ತೊಂಬತ್ತು ನಿಮಿಷ ಆಡುವವರಿಗೆ ಅಪಾಯ ಎನಿಸಿದ ಅದೇ ಬಿಸಿಲಿನಲ್ಲಿ ಭಾರತ, ನೇಪಾಳ, ಬಾಂಗ್ಲಾದೇಶದ ಕಾರ್ಮಿಕರು ಆ ಕ್ರೀಡಾಂಗಣಗಳನ್ನು ಕಟ್ಟಿದರು. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 3:30ರವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಬಂದದ್ದು 2021ರಲ್ಲಿ. ಅಷ್ಟರಲ್ಲಿ ಕಟ್ಟುವ ಕೆಲಸ ಬಹುಪಾಲು ಮುಗಿದಿತ್ತು.

ಈಗ 2034ರ ಸರದಿ ಸೌದಿ ಅರೇಬಿಯಾದ್ದು. ಬಿಸಿಲಂತೂ ಅಲ್ಲೂ ಇದೆ. ಹಾಗಾದರೆ ಮತ್ತೆ ನವೆಂಬರ್-ಡಿಸೆಂಬರ್ ಎನ್ನೋಣವೇ? ಚಾಂದ್ರಮಾನದ ಲೆಕ್ಕದಲ್ಲಿ ರಮಝಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಆ ವರ್ಷ ಅದು ಬರುವುದು ಸರಿಯಾಗಿ ಆ ತಿಂಗಳುಗಳಲ್ಲೇ. ಉಪವಾಸದ ಆಟಗಾರರು, ಇಫ್ತಾರ್ ಹೊತ್ತಿನ ಪಂದ್ಯ, ತರಾವೀಹ್ ಬಿಟ್ಟು ಬರಲೊಲ್ಲದ ಪ್ರೇಕ್ಷಕರು. ವರ್ಷದ ಆರಂಭಕ್ಕೆ ತರೋಣವೆಂದರೆ ಫೆಬ್ರವರಿಯಲ್ಲಿ ಸಾಲ್ಟ್ ಲೇಕ್ ಸಿಟಿಯ ಚಳಿಗಾಲದ ಒಲಿಂಪಿಕ್ಸ್ ಇದೆ. ಮೇಲಾಗಿ ತಂಡಗಳು 32ರಿಂದ 48ಕ್ಕೆ, ಪಂದ್ಯಗಳು 64ರಿಂದ 104ಕ್ಕೆ ಏರಿವೆ. ಕತಾರ್ ಮುಗಿಸಿದ ಹಾಗೆ 29 ದಿನಗಳಲ್ಲಿ ಇಷ್ಟನ್ನು ಮುಗಿಸುವುದು ಹೇಗೆಂದು ನನಗಂತೂ ತೋಚುತ್ತಿಲ್ಲ.